ಜಿಪಿಎಸ್ ಕೊಳ್ಳುವ ಮುನ್ನ: ಯಾವ ಸೆನ್ಸರ್ ನಿಮಗೆ ಬೇಕು?

ಚಾರಣಕ್ಕೆ ಜಿಪಿಎಸ್ ಕೊಳ್ಳಲು ಹೋದರೆ, ನೋಡಲು ಒಂದೇ ಥರ ಇರುವ ಎರಡು ಮಾಡೆಲ್ ಎದುರಾಗುತ್ತವೆ. ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್ ಮತ್ತು 32ಎಕ್ಸ್ ಅನ್ನೇ ನೋಡಿ. ಎರಡರಲ್ಲೂ 2.2 ಇಂಚಿನ ಪರದೆ, 8 ಜಿಬಿ ಮೆಮೊರಿ, ಎರಡು ಎಎ ಸೆಲ್. 32ಎಕ್ಸ್‌ನಲ್ಲಿ ಜಾಸ್ತಿ ಇರುವ ಮುಖ್ಯ ಸೆನ್ಸರ್‌ಗಳು ಎರಡು: ಕಂಪಾಸ್ ಮತ್ತು ಬ್ಯಾರೋಮೀಟರ್.

ಮೊದಲು ಕಂಪಾಸ್ ಬೇಕಾ ಅಂತ ತೀರ್ಮಾನಿಸಿ. ಅದಿಲ್ಲದ ಜಿಪಿಎಸ್‌ಗೆ ನೀವು ಎಲ್ಲಿದ್ದೀರಿ ಎಂಬುದು ಗೊತ್ತು, ಯಾವ ಕಡೆ ತಿರುಗಿ ನಿಂತಿದ್ದೀರಿ ಎಂಬುದು ಗೊತ್ತಿಲ್ಲ. ನಡೆಯುತ್ತಿದ್ದರೆ ಸಾಗಿದ ದಾರಿ ನೋಡಿ ದಿಕ್ಕು ಹೇಳುತ್ತದೆ. ನಿಂತರೆ ಆ ಬಾಣವನ್ನು ನಂಬುವಂತಿಲ್ಲ. ಗುರುತಾದ ದಾರಿಯಲ್ಲೇ ನಡೆಯುವವರಿಗೆ ಇದರಿಂದ ತೊಂದರೆಯಿಲ್ಲ. ಮಂಜು ಕವಿದ ಬೆಟ್ಟದ ತುದಿಯಲ್ಲಿ, ಕವಲು ದಾರಿಯಲ್ಲಿ ನಿಂತು ಯೋಚಿಸುವವರಿಗೆ ಕಂಪಾಸ್ ಬೇಕೇ ಬೇಕು. ಮೂರು ಅಕ್ಷದ್ದನ್ನೇ ಆರಿಸಿ. ಎರಡು ಅಕ್ಷದ್ದಾದರೆ ಉಪಕರಣವನ್ನು ಸಮತಟ್ಟಾಗಿ ಹಿಡಿಯಬೇಕು, ಸುಸ್ತಾದಾಗ ಅದು ಯಾರಿಗೆ ನೆನಪಿರುತ್ತದೆ ಅಲ್ವಾ? ಸೆಲ್ ಬದಲಿಸಿದ ಮೇಲೆ ಕಂಪಾಸನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿ, ಅಂದರೆ ದಿಕ್ಕು ಸರಿಯಾಗಿ ತೋರಿಸುವಂತೆ ಹೊಂದಿಸಿಕೊಳ್ಳಿ. ಆಗ ಹತ್ತಿರ ಕಬ್ಬಿಣ, ಅಯಸ್ಕಾಂತ ಇರಬಾರದು.

ಆಮೇಲೆ ಬ್ಯಾರೋಮೀಟರ್. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿರುತ್ತವೆ, ಕಾಲ ಕೆಳಗೆ ಒಂದೂ ಸಿಗುವುದಿಲ್ಲ. ಹಾಗಾಗಿ ಬರೀ ಜಿಪಿಎಸ್ ಹೇಳುವ ಎತ್ತರದಲ್ಲಿ ತಪ್ಪು ಜಾಸ್ತಿ. ಬ್ಯಾರೋಮೀಟರ್ ಗಾಳಿಯ ಒತ್ತಡ ಅಳೆದು ಎತ್ತರ ಹೇಳುತ್ತದೆ. ಸಮುದ್ರಮಟ್ಟದ ಹತ್ತಿರ ಸುಮಾರು 8 ಮೀಟರ್ ಏರಿದರೆ ಒತ್ತಡ 1 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ದಿನವಿಡೀ ಎಷ್ಟು ಹತ್ತಿದಿರಿ, ಎಷ್ಟು ಇಳಿದಿರಿ ಎಂಬ ಲೆಕ್ಕಕ್ಕೆ ಇದೇ ವಾಸಿ. ಆದರೆ ಹವೆ ಬದಲಾದರೂ ಒತ್ತಡ ಬದಲಾಗುತ್ತದೆ. ರಾತ್ರಿ ಟೆಂಟ್‌ನಲ್ಲಿ ಮಲಗಿದ್ದವರು ಬೆಳಗ್ಗೆ ಎದ್ದರೆ ಎತ್ತರ ‘ಏರಿರಬಹುದು’. ಗಾಬರಿ ಬೇಡ, ಒತ್ತಡ ಕುಸಿದಿದೆ ಅಷ್ಟೆ. ಆದರೆ ಮಳೆ, ಗಾಳಿ ಬರಬಹುದು ಎಂಬ ಸೂಚನೆಯೂ ಅದೇ, ಅಸಡ್ಡೆ ಮಾಡಬೇಡಿ. ಎತ್ತರ ಬರೆದಿಟ್ಟ ಜಾಗ ಸಿಕ್ಕಾಗೆಲ್ಲ ಉಪಕರಣವನ್ನು ಅದಕ್ಕೆ ಸರಿಹೊಂದಿಸಿಕೊಳ್ಳಿ.

ದಟ್ಟ ಕಾಡು, ಕಡಿದಾದ ಕಣಿವೆಗೆ ಹೋಗುವವರು ಎರಡು ತರಂಗಾಂತರಗಳಲ್ಲಿ ಸಿಗ್ನಲ್ ಹಿಡಿಯುವ ಮಾಡೆಲ್ ನೋಡಿ. ಬಂಡೆಗೆ ಬಡಿದು ಬರುವ ಸಿಗ್ನಲ್‌ನಿಂದಾಗುವ ತಪ್ಪು ಅದರಲ್ಲಿ ಕಡಿಮೆ.

ದುಡ್ಡು ಬಿಗಿಯಾಗಿದ್ದರೆ ಸೆನ್ಸರ್ ಇಲ್ಲದ ಮಾಡೆಲ್ ಕೊಂಡು, ಜೊತೆಗೆ ಸಾದಾ ಮುಳ್ಳಿನ ಕಂಪಾಸ್ ಒಂದನ್ನು ಇಟ್ಟುಕೊಳ್ಳಿ. ಸೆನ್ಸರ್ ಇರುವುದನ್ನು ಕೊಂಡವರೂ ಮುಳ್ಳಿನ ಕಂಪಾಸನ್ನು ಮನೆಯಲ್ಲಿ ಬಿಡಬೇಡಿ. ಅದಕ್ಕೆ ಸೆಲ್ ಬೇಕಿಲ್ಲ.