ವಿಕ್ಟೋರಿಯಾ ಕಾಲದ ಹಲ್ಲಿನ ಜಾಹೀರಾತುಗಳನ್ನು ಓದುವ ಕ್ರಮ

ವಿಕ್ಟೋರಿಯಾ ರಾಣಿಯ ಆಳ್ವಿಕೆಯ (1837–1901) ಹಲ್ಲಿನ ಜಾಹೀರಾತೊಂದು ಕೈಗೆ ಸಿಕ್ಕಾಗ, ಅದು ಏನು ಕೊಡುತ್ತೇನೆ ಎನ್ನುತ್ತದೆ ಎಂಬುದನ್ನು ಬದಿಗಿಟ್ಟು, ಏನೇನು ಇರುವುದಿಲ್ಲ ಎನ್ನುತ್ತದೆಯೋ ಅದಕ್ಕೆ ಮೊದಲು ಗೆರೆ ಎಳೆಯಿರಿ. ನೋವಿಲ್ಲ, ಬೇರು ಕೀಳುವುದಿಲ್ಲ, ಸ್ಪ್ರಿಂಗ್ ಇಲ್ಲ, ತಂತಿ ಇಲ್ಲ ಎಂಬ ಮಾತುಗಳು ಲಂಡನ್ನಿನ ಕಟ್ಟುಹಲ್ಲಿನ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇಲ್ಲವೆಂದದ್ದೆಲ್ಲ ಬೇರೆ ವೈದ್ಯರ ಕುರ್ಚಿಯಲ್ಲಿ ಧಾರಾಳವಾಗಿ ಇತ್ತೆಂದೇ ತಿಳಿಯಬೇಕು. ಮೇಲಿನ ಸೆಟ್ಟನ್ನೂ ಕೆಳಗಿನ ಸೆಟ್ಟನ್ನೂ ಸುರುಳಿ ಸ್ಪ್ರಿಂಗಿನಿಂದ ಜೋಡಿಸುತ್ತಿದ್ದ ಕಾಲದಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಒಂದು ಕಸರತ್ತಾಗಿತ್ತು.

ಆಮೇಲೆ ಇಸವಿ ನೋಡಿ. ಲಂಡನ್ನಿನಲ್ಲಿ ಜೇಮ್ಸ್ ರಾಬಿನ್ಸನ್ ಎಂಬ ದಂತವೈದ್ಯರು ಪ್ರಜ್ಞೆ ತಪ್ಪಿಸುವ ಈಥರ್ ಮೂಸಿಸಿ ಹಲ್ಲು ಕಿತ್ತದ್ದು 1846ರ ಡಿಸೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಹಾಳೆಯಲ್ಲಿ ನೋವಿಲ್ಲದೆ ಹಲ್ಲು ಕೀಳುವ ಭರವಸೆ ಕಂಡರೆ ನಗಲು ಅಡ್ಡಿಯಿಲ್ಲ.

ಜಾಹೀರಾತು ಕೊಟ್ಟವನು ತನ್ನನ್ನು ಏನೆಂದು ಕರೆದುಕೊಂಡಿದ್ದಾನೆ ಎಂಬುದನ್ನೂ ಗಮನಿಸಬೇಕು. 1878ರ ಬ್ರಿಟಿಷ್ ಕಾಯಿದೆಯು ನೋಂದಣಿಯಾಗದವರು ದಂತವೈದ್ಯ ಎಂದು ಹೇಳಿಕೊಳ್ಳುವುದನ್ನು ತಡೆಯಿತೇ ಹೊರತು ಹಲ್ಲು ಕೀಳುವುದನ್ನು ತಡೆಯಲಿಲ್ಲ. ಆ ಕಿಂಡಿ ಮುಚ್ಚಿದ್ದು 1921ರಲ್ಲಿ. ಹೀಗಾಗಿ ವೈದ್ಯನ ಪದವಿಯ ಸುಳಿವಿಲ್ಲದೆ ಕಟ್ಟುಹಲ್ಲುಗಳನ್ನಷ್ಟೇ ಹೊಗಳುವ ಜಾಹೀರಾತು ಕಂಡಾಗ ಹುಬ್ಬೇರಿಸಬಹುದು.

ಹಲ್ಲುಜ್ಜುವ ಪೇಸ್ಟಿನ ಪಿಂಗಾಣಿ ಡಬ್ಬಿಗಳ ಮುಚ್ಚಳವೇ ಒಂದು ಜಾಹೀರಾತು. ಅವುಗಳಲ್ಲಿ ನಮ್ಮವರಿಗೆ ವಿಶೇಷ ಮಜಾ ಕೊಡುವುದು ಅಡಿಕೆಯ ಪೇಸ್ಟು: ಅಡಿಕೆಯಿಂದ ಹಲ್ಲು ಬೆಳ್ಳಗಾಗುತ್ತದೆ, ವಸಡು ಗಟ್ಟಿಯಾಗುತ್ತದೆ ಎಂದು ಇಂಗ್ಲೆಂಡಿನ ಔಷಧದಂಗಡಿಗಳು ಮುಚ್ಚಳದ ಮೇಲೆ ಅಚ್ಚುಹಾಕಿಸಿ ಮಾರುತ್ತಿದ್ದವು. ಎಲೆಯಡಿಕೆಯ ತಟ್ಟೆ ಕಂಡು ಬೆಳೆದವರು ಇದನ್ನು ಗಂಭೀರವಾಗಿ ಓದುವುದು ಕಷ್ಟ.

ಕೊನೆಗೆ, ಎಲ್ಲಕ್ಕಿಂತ ನಗೆ ತರಿಸುವ ಜಾಹೀರಾತನ್ನೇ ಎಲ್ಲಕ್ಕಿಂತ ನಿಧಾನವಾಗಿ ಓದಿ. ಅಮೆರಿಕದ ಆಲ್ಬನಿಯ ಲಾಯ್ಡ್ ಕಂಪನಿ 1885ರ ಸುಮಾರಿಗೆ ಹಲ್ಲುನೋವಿಗೆಂದು ಕೊಕೇನ್ ಹನಿಗಳನ್ನು ಮಾರುತ್ತಿತ್ತು. ಅದರ ಬಣ್ಣದ ಕಾರ್ಡಿನಲ್ಲಿ ಇಬ್ಬರು ಮಕ್ಕಳು ಅಂಗಳದಲ್ಲಿ ಕಡ್ಡಿಗಳಿಂದ ಪುಟ್ಟ ಮನೆ ಕಟ್ಟುತ್ತಿದ್ದಾರೆ. ಬೆಲೆ 15 ಸೆಂಟ್, ಗುಣ ತಕ್ಷಣ. ಆದರೆ ಕೊಕೇನ್ ಅಂಗವನ್ನು ಮರಗಟ್ಟಿಸುತ್ತದೆ ಎಂದು ವಿಯೆನ್ನಾದ ವೈದ್ಯ ಕಾರ್ಲ್ ಕೋಲರ್ 1884ರಲ್ಲೇ ತೋರಿಸಿದ್ದರಿಂದ, ಇಷ್ಟೂ ಜಾಹೀರಾತುಗಳ ನಡುವೆ ನೋವು ನಿಲ್ಲಿಸುವ ಮಾತನ್ನು ಉಳಿಸಿಕೊಳ್ಳಬಲ್ಲದ್ದು ಬಹುಶಃ ಇದೇ. ಹುಳುಕು ಮಾತ್ರ ಹನಿಗಳ ಕೆಳಗೆ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಅದರ ಬಗ್ಗೆ ಕಾರ್ಡು ಚಕಾರ ಎತ್ತುವುದಿಲ್ಲ.