ಫಿಟ್ಸ್ ಕಾಯಿಲೆಗೆ ಉತ್ತರ ಕನ್ನಡದಲ್ಲಿ ನೆರವು: ಯಾವ ಬಾಗಿಲು ಮೊದಲು ತಟ್ಟಬೇಕು

‘ಮೂರ್ಛೆರೋಗ’ ಎಂಬ ಫಲಕ ಹುಡುಕುತ್ತ ಆಸ್ಪತ್ರೆಗೆ ಹೋದವರು ಬರಿಗೈಯಲ್ಲಿ ವಾಪಸಾಗುವುದೇ ಹೆಚ್ಚು. ನೆರವು ಇಲ್ಲವೆಂದಲ್ಲ, ಬೇರೆ ಬೇರೆ ಹೆಸರಿನಲ್ಲಿ ಹಂಚಿಹೋಗಿದೆ. ಗುಳಿಗೆ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿದೆ, ಮಕ್ಕಳ ತಪಾಸಣೆ ಶಾಲಾ ಆರೋಗ್ಯ ತಂಡದ ಕೈಯಲ್ಲಿದೆ, ಪ್ರಮಾಣಪತ್ರದ ಕೆಲಸ ವಿಕಲಚೇತನರ ಇಲಾಖೆಯದು.

ಇವುಗಳಲ್ಲಿ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ್ದು ಪ್ರತಿ ತಿಂಗಳ ಗುಳಿಗೆ, ಅದೂ ಮನೆಗೆ ಹತ್ತಿರದಲ್ಲಿ. ಸರಿಯಾದ ಔಷಧ ತಪ್ಪದೆ ಸಿಕ್ಕರೆ ಶೇ 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹತೋಟಿಗೆ ಬಂದ ಫಿಟ್ಸ್ ಮತ್ತೆ ಕಾಣಿಸಿಕೊಳ್ಳುವುದಕ್ಕೆ ದೊಡ್ಡ ಕಾರಣ ಗುಳಿಗೆ ತಪ್ಪುವುದು. ಮಣಿಪಾಲಕ್ಕೋ ಹುಬ್ಬಳ್ಳಿಗೋ ಒಮ್ಮೆ ಹೋಗಿ ಬಂದು, ಬರೆದುಕೊಟ್ಟ ಗುಳಿಗೆ ಮುಗಿದ ಮೇಲೆ ಸುಮ್ಮನಾಗುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ.

ಹೊರಡುವ ಮೊದಲು ಒಂದು ಫೈಲು ಮಾಡಿ. ಹಳೆಯ ಚೀಟಿಗಳು, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ), ಸ್ಕ್ಯಾನ್ ವರದಿ, ಆಧಾರ್, ರೇಷನ್ ಕಾರ್ಡಿನ ಪ್ರತಿ ಅದರಲ್ಲಿರಲಿ. ಮೇಲೊಂದು ಹಾಳೆಯಲ್ಲಿ ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಫಿಟ್ಸ್ ಬಂದ ದಿನಾಂಕಗಳು, ಅದರ ಹಿಂದಿನ ರಾತ್ರಿ ನಿದ್ದೆ ಆಗಿತ್ತೇ, ಗುಳಿಗೆ ತಪ್ಪಿತ್ತೇ, ಹೆಂಗಸರಾದರೆ ಮುಟ್ಟಿನ ದಿನವೇ ಎಂದು ಬರೆಯಿರಿ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಮೊಬೈಲಿನ ವಿಡಿಯೊ. ಮುಖ ಮತ್ತು ಎರಡೂ ಕೈ ಕಾಣಬೇಕು. ಕಣ್ಣು ಯಾವ ಕಡೆ ತಿರುಗಿತು, ಎಳೆತ ಯಾವ ಕೈಯಿಂದ ಶುರುವಾಯಿತು, ಎಷ್ಟು ನಿಮಿಷ ಇತ್ತು, ಆಮೇಲೆ ಹೆಸರು ಕರೆದರೆ ಓಗೊಟ್ಟರೇ, ಇಷ್ಟು ಸಿಕ್ಕರೆ ವೈದ್ಯರಿಗೆ ಅರ್ಧ ಕೆಲಸ ಆದಂತೆ. ಎಷ್ಟೋ ಸಲ ಇಇಜಿಯಲ್ಲಿ ಏನೂ ಕಾಣುವುದಿಲ್ಲ, ಹಾಗೆಂದು ಕಾಯಿಲೆ ಇಲ್ಲ ಎಂದಲ್ಲ.

ಈಗ ತಾಲೂಕು ಆಸ್ಪತ್ರೆ. ಅಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ಕ್ಲಿನಿಕ್ ಇರುತ್ತದೆ. ಹೆಸರು ಕೇಳಿಯೇ ಹಿಂಜರಿಯುವವರಿದ್ದಾರೆ: ‘ನಮ್ಮ ಹುಡುಗನಿಗೆ ತಲೆ ಸರಿ ಇದೆಯಲ್ಲ, ಅಲ್ಲಿಗೆ ಯಾಕೆ?’ ಫಿಟ್ಸ್ ಮೆದುಳಿನ ಕಾಯಿಲೆ, ಮಾನಸಿಕ ರೋಗವಲ್ಲ, ನಿಜ. ಆದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಫಿಟ್ಸ್ ರೋಗಿಗಳನ್ನೂ ನೋಡುತ್ತದೆ, ಗುಳಿಗೆಯನ್ನೂ ಉಚಿತವಾಗಿ ಕೊಡುತ್ತದೆ. ಹೆಸರಿಗೆ ನಾಚಿ ಈ ಬಾಗಿಲು ಬಿಡಬೇಡಿ. ಯಾವ ತಾಲೂಕಿಗೆ ಯಾವ ಮಂಗಳವಾರ ಎಂಬುದು ಬದಲಾಗುತ್ತಿರುತ್ತದೆ, ಸೋಮವಾರವೇ ಫೋನ್ ಮಾಡಿ ಕೇಳಿ. ಶಿರಸಿಯವರಿಗೆ ಪಂಡಿತ ಸಾರ್ವಜನಿಕ ಆಸ್ಪತ್ರೆ, ಕಾರವಾರದವರಿಗೆ ಅಲ್ಲಿನ ಸರಕಾರಿ ವೈದ್ಯಕೀಯ ಕಾಲೇಜು ಕ್ರಿಮ್ಸ್‌ನ ಜಿಲ್ಲಾಸ್ಪತ್ರೆ.

ಔಷಧ ವಿಭಾಗದಲ್ಲಿ ‘ಫಿಟ್ಸ್ ಗುಳಿಗೆ ಇದೆಯಾ’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಸುಲಭ. ‘ಸೋಡಿಯಂ ವಾಲ್ಪ್ರೊಯೇಟ್ 200 ಬೇಕು, ಎಷ್ಟು ದಿನದ್ದು ಕೊಡುತ್ತೀರಿ? ಮುಂದಿನ ತಿಂಗಳಿಂದ ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಕಳಿಸಬಹುದಾ?’ ಎಂದು ಹೆಸರು, ಪ್ರಮಾಣ ಹೇಳಿ ಕೇಳಿ. ಫಿನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಜೆಪೀನ್, ವಾಲ್ಪ್ರೊಯೇಟ್ ಸರಕಾರಿ ಪೂರೈಕೆಯಲ್ಲಿ ಸಾಮಾನ್ಯವಾಗಿ ಸಿಗುವಂಥವು. ನಿಮ್ಮದು ಇಲ್ಲವೆಂದು ಇರುವ ಇನ್ನೊಂದನ್ನು ಒಯ್ಯುವುದು ಅಪಾಯ; ಇವು ಒಂದಕ್ಕೊಂದು ಬದಲಿಯಲ್ಲ. ಸಿಆರ್, ಕ್ರೋನೋ ಎಂದು ಬರೆದ, ನಿಧಾನವಾಗಿ ಔಷಧ ಬಿಡುವ ಗುಳಿಗೆಗೆ ಸಾದಾ ಗುಳಿಗೆಯೂ ಬದಲಿಯಲ್ಲ, ಅವನ್ನು ಪುಡಿ ಮಾಡಿಯೂ ಕೊಡಬಾರದು. ದಾಸ್ತಾನು ಮುಗಿದಿದ್ದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆಯೇ ನೋಡಿ. ಆದಷ್ಟು ಒಂದೇ ಕಂಪನಿಯದ್ದನ್ನು ಮುಂದುವರಿಸಿ.

ಮಳೆಗಾಲಕ್ಕೆ ಕನಿಷ್ಠ ಎರಡು ವಾರದ ಗುಳಿಗೆ ಹೆಚ್ಚುವರಿ ಇಟ್ಟುಕೊಳ್ಳಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಅಂಕೋಲೆಯ ಹೆದ್ದಾರಿ ದಿನಗಟ್ಟಲೆ ಬಂದಾಗಿತ್ತು. ಅಂಥ ಹೊತ್ತಿನಲ್ಲಿ ಸ್ಟ್ರಿಪ್‌ನಲ್ಲಿ ನಾಲ್ಕೇ ಗುಳಿಗೆ ಉಳಿದಿದ್ದರೆ ಗತಿ ಏನು? ಇನ್ನೊಂದು ಮಾತು ಕರಾವಳಿಯವರಿಗೆ: ಸೋಡಿಯಂ ವಾಲ್ಪ್ರೊಯೇಟ್ ತೇವವನ್ನು ಬಹಳ ಬೇಗ ಹೀರುತ್ತದೆ. ಸ್ಟ್ರಿಪ್‌ನಿಂದ ತೆಗೆದು ವಾರದ ಡಬ್ಬಿಗೆ ಹಾಕಿಟ್ಟರೆ ಜುಲೈ ತಿಂಗಳ ಥಂಡಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ತೆಗೆದುಕೊಳ್ಳುವ ಹೊತ್ತಿಗೇ ಸ್ಟ್ರಿಪ್ ಹರಿಯಿರಿ. ಹೆಣ್ಣುಮಕ್ಕಳು ಮದುವೆ, ಬಸುರಿಗೆ ಮೊದಲೇ ವೈದ್ಯರನ್ನು ಕಾಣಬೇಕು. ವಾಲ್ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು, ಆದರೆ ತಾವೇ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಕುತ್ತು.

ನರರೋಗ ತಜ್ಞರನ್ನು ಕಾಣಬೇಕಾದಾಗ ಮೊದಲು ಕ್ರಿಮ್ಸ್‌ನಲ್ಲಿ ವಿಚಾರಿಸಿ. ನಿಮ್ಹಾನ್ಸ್ ಜೊತೆ ಸೇರಿ ಸರಕಾರ ನಡೆಸುವ ‘ಬ್ರೇನ್ ಹೆಲ್ತ್’ ಕ್ಲಿನಿಕ್ ಯಾವ ದಿನ ಎಂದು ಕೇಳಿ. ಜಿಲ್ಲೆ ದಾಟಲೇಬೇಕಾದರೆ ಹೊನ್ನಾವರ, ಭಟ್ಕಳದ ಕಡೆಯವರಿಗೆ ಮಣಿಪಾಲ, ಮಂಗಳೂರು. ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ, ಧಾರವಾಡ. ಕಾರವಾರದವರಿಗೆ ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ, ಆದರೆ ಅಲ್ಲಿ ಹೊರರಾಜ್ಯದವರ ಶುಲ್ಕ ಎಷ್ಟೆಂದು ಮೊದಲೇ ಕೇಳಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಅದು ಮುಖ್ಯವಾಗಿ ದಾಖಲಾದಾಗ ಆಗುವ ಚಿಕಿತ್ಸೆಗೆ, ತಿಂಗಳ ಗುಳಿಗೆಗಲ್ಲ. ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲದೆ ಜಿಲ್ಲೆ ದಾಟಿದರೆ ಅಲ್ಲಿ ಕೌಂಟರಿನಲ್ಲೇ ನಿಲ್ಲಿಸಬಹುದು. ಇಇಜಿಗೆ ಹೋಗುವ ಹಿಂದಿನ ದಿನ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚಬೇಡಿ. ವೈದ್ಯರು ಹೇಳದ ಹೊರತು ಉಪವಾಸವೂ ಬೇಡ, ಗುಳಿಗೆ ಬಿಡುವುದೂ ಬೇಡ.

ಮಕ್ಕಳಿಗೆ ಬೇರೆಯೇ ದಾರಿ ಇದೆ. ಅಂಗನವಾಡಿ, ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದ ಪಟ್ಟಿಯಲ್ಲಿ ಫಿಟ್ಸ್ ಕೂಡ ಸೇರಿದೆ, 18 ವರ್ಷದವರೆಗೆ. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. ಕಲಿಕೆಯಲ್ಲಿ ಹಿಂದೆ ಬಿದ್ದಿದ್ದರೆ ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯ ಬಿಐಇಆರ್‌ಟಿ ಶಿಕ್ಷಕರನ್ನು (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವವರು) ಕೇಳಿ. ಬುದ್ಧಿಮಾಂದ್ಯತೆಯೂ ಇರುವ ಮಕ್ಕಳಿಗೆ ಶಿರಸಿಯಲ್ಲಿ ಅಜಿತ ಮನೋಚೇತನದ ವಿಶೇಷ ಶಾಲೆ ಇದೆ.

ಯುಡಿಐಡಿ ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿ) ವಿಷಯದಲ್ಲಿ ಸುಳ್ಳು ಭರವಸೆ ಇಟ್ಟುಕೊಂಡು ಓಡಾಡುವುದು ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅಪಸ್ಮಾರಕ್ಕೆ, ಅಂದರೆ ಫಿಟ್ಸ್ ಕಾಯಿಲೆಗೆ, ಪ್ರತ್ಯೇಕ ಜಾಗವಿಲ್ಲ. ಜೊತೆಗೆ ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿಯಂಥದ್ದು ಇದ್ದರೆ ಅದರ ಆಧಾರದ ಮೇಲೆ ಅರ್ಜಿ ಹಾಕಿ; ಹೆಚ್ಚಿನ ಸೌಲಭ್ಯಕ್ಕೆ ಕನಿಷ್ಠ ಶೇ 40 ವೈಕಲ್ಯ ಇರಬೇಕು. ಅರ್ಜಿ ತುಂಬಲು ವಿಕಲಚೇತನರ ಪುನರ್ವಸತಿ ಕಾರ್ಯಕರ್ತರಾದ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲೂಕಿನ ಎಂಆರ್‌ಡಬ್ಲ್ಯು ನೆರವಾಗುತ್ತಾರೆ, ಅದು ಅವರ ಕೆಲಸವೇ.

ಮದುವೆಯಾದ ಮೇಲೆ ‘ಫಿಟ್ಸ್ ಇದೆ, ವಿಚ್ಛೇದನ ಕೊಡುತ್ತೇವೆ’ ಎಂದು ಹೆದರಿಸಿದರೆ, 1999ರಲ್ಲೇ ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರದ ಮಾತು ತೆಗೆದಾಗಿದೆ ಎಂಬುದು ತಿಳಿದಿರಲಿ. ಉಚಿತ ಕಾನೂನು ನೆರವಿಗೆ 15100. ಮನಸ್ಸು ಕುಗ್ಗಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಹೊಯ್ಯುವುದು ಬೇಡ. ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಇನ್ನೊಂದು ಬಂದರೆ 108. ಜೋಯಿಡಾದ ಒಳಹಳ್ಳಿಗಳಂತೆ ಗಾಡಿ ಬರಲು ತಡವಾಗುವ ಕಡೆ ಇರುವವರು ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೊಲಾಮ್ ಸ್ಪ್ರೇ ಬರೆದುಕೊಡಲು ವೈದ್ಯರನ್ನು ಕೇಳಿ. ಎಷ್ಟು ಸಲ ಒತ್ತಬೇಕೆಂದು ತೂಕ ನೋಡಿ ಅವರೇ ಹೇಳುತ್ತಾರೆ. ಅದನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಂಡು ಸ್ಪ್ರೇಗೇ ಅಂಟಿಸಿ, ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.