ಗಲಾಟೆ ಕ್ಲಾಸಿಗೆ ಮೊದಲ ವಾರದ ಕೆಲಸ

ಈ ವರ್ಷ ಹೈಸ್ಕೂಲಿಗೆ ಹೊಸದಾಗಿ ಸೇರಿದ ಮೇಷ್ಟ್ರು, ಟೀಚರ್‌ಗಳಿಗೆ ಒಂದು ಸಲಹೆ. ಜೂನ್ ಮೊದಲ ವಾರ ಪಾಠ ಓಡಿಸುವ ಅವಸರ ಬೇಡ, ಹೆಸರು ಕಲಿಯಿರಿ. ಹಾಜರಿ ಪುಸ್ತಕ ಹಿಡಿದು ಯಾರು ಎಲ್ಲಿ ಕೂರುತ್ತಾರೆಂದು ಬೆಂಚುಗಳ ನಕ್ಷೆ ಬರೆದುಕೊಳ್ಳಿ. "ಏಯ್, ಲಾಸ್ಟ್ ಬೆಂಚ್!" ಎಂದು ಕೂಗಿದರೆ ಇಡೀ ಸಾಲು ನಗುತ್ತದೆ. ಹೆಸರು ಹಿಡಿದು ಮೆಲ್ಲಗೆ ಕರೆದರೆ ಬೇಕಾದವನೇ ತಿರುಗುತ್ತಾನೆ.

ಗದ್ದಲವೆದ್ದಾಗ ದನಿ ಏರಿಸಬೇಡಿ. ಪಾಠ ಮಾಡುತ್ತಲೇ ನಡೆದುಹೋಗಿ ಆ ಬೆಂಚಿನ ಪಕ್ಕ ನಿಲ್ಲಿ. ಬಹಳಷ್ಟು ಸಲ ಅಷ್ಟೇ ಸಾಕು. ಬೈಯಲೇಬೇಕೆಂದರೆ ಪೀರಿಯಡ್ ಮುಗಿದ ಮೇಲೆ, ವರಾಂಡದಲ್ಲಿ, ಒಬ್ಬನನ್ನೇ ಕರೆದು. ಒಂಬತ್ತನೇ ಕ್ಲಾಸಿನ ಹುಡುಗನಿಗೆ ಗೆಳೆಯರ ಎದುರು ಮಾನ ಹೋಗುವುದು ಪೆಟ್ಟಿಗಿಂತ ದೊಡ್ಡದು. ಅಲ್ಲೇ ಹಂಗಿಸಿದರೆ ತಿರುಗಿ ಬೀಳುತ್ತಾನೆ, ವರ್ಷವಿಡೀ ಅನುಭವಿಸುವವರು ನೀವೇ.

"ಕೋಲಿಲ್ಲದೆ ಆಗಲ್ಲ" ಅನ್ನುವ ಹಿರಿಯರು ಸ್ಟಾಫ್ ರೂಮಿನಲ್ಲಿ ಇದ್ದೇ ಇರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ನೋಟ್‌ಬುಕ್ ನಾಳೆ ಕೊಡ್ತೀನಿ ಅಂದರೆ ನಾಳೆಯೇ ಕೊಡಿ. ಮನೆಗೆ ಫೋನ್ ಮಾಡುವುದು ದೂರಿಗಷ್ಟೇ ಆಗಬಾರದು. ತಂಟೆ ಹುಡುಗ ಲೆಕ್ಕ ಸರಿ ಮಾಡಿದ ದಿನ ಅವನ ತಾಯಿಗೆ ಅದನ್ನೂ ಹೇಳಿ.